ರೆಸಿಸ್ಟರ್ ಬಣ್ಣ ಓದುವುದು ಹೇಗೆ? ರಿಪೇರಿ ಟೇಬಲ್ ಮುಂದೆ ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರು, ಸಿಂಧನೂರು, ಗಂಗಾವತಿ ಕಡೆ ಬೋರ್ಡ್ ರಿಪೇರಿ ಕಲಿಯುವ ಹುಡುಗರು, ಪಂಪ್‌ಸೆಟ್ ಸ್ಟಾರ್ಟರ್ ನೋಡುವ ಎಲೆಕ್ಟ್ರಿಷಿಯನ್‌ಗಳು, ಐಟಿಐ ಪರೀಕ್ಷೆಗೆ ಓದುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ರೆಸಿಸ್ಟರ್ ಅಂದರೆ ಬೋರ್ಡ್ ಮೇಲೆ ಕರೆಂಟ್‌ಗೆ ತಡೆ ಒಡ್ಡುವ ಸಣ್ಣ ಬಿಡಿಭಾಗ. ಆ ತಡೆಯ ಅಳತೆ ಓಮ್. ಅದನ್ನೇ ಇಲ್ಲಿ ಬೆಲೆ ಅಂದಿದ್ದೇನೆ, ದುಡ್ಡಿನ ಬೆಲೆಯಲ್ಲ. ಒಂದೇ ಉಸಿರಿಗೆ ಓದಬೇಕೆಂದಿಲ್ಲ. ಬೇಕಾದ ಪ್ರಶ್ನೆ ಹುಡುಕಿ ಓದಿಕೊಳ್ಳಿ. ಬಣ್ಣದ ಕೋಷ್ಟಕವನ್ನು ಮಾತ್ರ ಬರೆದುಕೊಂಡು ಟೇಬಲ್ ಎದುರಿನ ಗೋಡೆಗೆ ಅಂಟಿಸಿ.

ಕೈಯಲ್ಲಿ ಮಲ್ಟಿಮೀಟರ್ ಇರುವಾಗ ಬಣ್ಣ ಓದೋದು ಯಾಕೆ ಕಲೀಬೇಕು?

ಮೀಟರ್ ಹೇಳುವುದು ರೆಸಿಸ್ಟರ್ ಈಗ ಎಷ್ಟಿದೆ ಅಂತ. ಅದರ ಮೈಮೇಲಿನ ಬಣ್ಣದ ಪಟ್ಟಿ ಹೇಳುವುದು ಅದು ಎಷ್ಟಿರಬೇಕು ಅಂತ. ಎರಡೂ ಗೊತ್ತಿದ್ದರೆ ಮಾತ್ರ ರಿಪೇರಿ.

ಒಂದು ರೆಸಿಸ್ಟರ್ ಮೀಟರ್‌ನಲ್ಲಿ 310 ಕಿಲೋ ಓಮ್ ತೋರಿಸಿತು ಅಂದುಕೊಳ್ಳಿ. ಇದು ಸರಿಯೋ ತಪ್ಪೋ? ಹೇಳೋಕಾಗಲ್ಲ. ಆದರೆ ಅದರ ಮೇಲೆ ಕೆಂಪು-ಕೆಂಪು-ಹಳದಿ ಇದೆ, ಅಂದರೆ 220 ಕಿಲೋ ಎಂದು ಓದಿದ ಕೂಡಲೇ ಕಳ್ಳ ಸಿಕ್ಕಿಬಿದ್ದ. ಅಡಾಪ್ಟರ್, ಟಿವಿ ಪವರ್ ಸಪ್ಲೈಗಳಲ್ಲಿ ಶುರುವಾಗಲು ಕರೆಂಟ್ ಕೊಡುವ ದೊಡ್ಡ ಬೆಲೆಯ ರೆಸಿಸ್ಟರ್‌ಗಳು ಹೀಗೇ ಕೆಡುತ್ತವೆ. ಹೊರಗಿನಿಂದ ನೋಡಿದರೆ ಹೊಸದರಂತೆ ಇರುತ್ತವೆ. ಸುಟ್ಟ ಗುರುತು ಇಲ್ಲ, ವಾಸನೆ ಇಲ್ಲ. ಬೆಲೆ ಮಾತ್ರ ಏರಿರುತ್ತದೆ, ಸೆಟ್ ಆನ್ ಆಗುವುದಿಲ್ಲ. ಐಸಿ ಹೋಗಿದೆ ಎಂದು ಐಸಿ ಬದಲಿಸಿ ಕೂತವರು ಎಷ್ಟೋ ಜನ.

ಬಣ್ಣ ಮತ್ತು ಅಂಕಿಯ ಪೂರ್ತಿ ಕೋಷ್ಟಕ ಒಂದೇ ಕಡೆ ಕೊಡಿ.

ಮೊದಲು ಬಣ್ಣ, ನಂತರ ಅದರ ಅಂಕಿ, ಆಮೇಲೆ ಅದು ಗುಣಕದ (ಸೊನ್ನೆಗಳ ಲೆಕ್ಕದ) ಪಟ್ಟಿಯಾಗಿ ಬಂದರೆ ಏನು, ಕೊನೆಗೆ ಟಾಲರೆನ್ಸ್ (ಬೆಲೆ ಎಷ್ಟು ಆಚೀಚೆ ಇರಬಹುದು ಎಂಬ ಮಿತಿ) ಪಟ್ಟಿಯಾಗಿ ಬಂದರೆ ಏನು.

ಕಪ್ಪು: 0, ಸೊನ್ನೆ ಸೇರಿಸಬೇಡಿ
ಕಂದು: 1, ಒಂದು ಸೊನ್ನೆ, ಶೇ 1
ಕೆಂಪು: 2, ಎರಡು ಸೊನ್ನೆ, ಶೇ 2
ಕಿತ್ತಳೆ: 3, ಮೂರು ಸೊನ್ನೆ
ಹಳದಿ: 4, ನಾಲ್ಕು ಸೊನ್ನೆ
ಹಸಿರು: 5, ಐದು ಸೊನ್ನೆ, ಶೇ 0.5
ನೀಲಿ: 6, ಆರು ಸೊನ್ನೆ, ಶೇ 0.25
ನೇರಳೆ: 7, ಏಳು ಸೊನ್ನೆ, ಶೇ 0.1
ಬೂದು: 8
ಬಿಳಿ: 9
ಗೋಲ್ಡ್: ಅಂಕಿ ಇಲ್ಲ, 10ರಿಂದ ಭಾಗಿಸಿ, ಶೇ 5
ಸಿಲ್ವರ್: ಅಂಕಿ ಇಲ್ಲ, 100ರಿಂದ ಭಾಗಿಸಿ, ಶೇ 10

ಟಾಲರೆನ್ಸ್ ಪಟ್ಟಿಯೇ ಇಲ್ಲದಿದ್ದರೆ ಶೇ 20. ಅಂಥವು ಹಳೇ ವಾಲ್ವ್ ರೇಡಿಯೋಗಳಲ್ಲಿ ಸಿಗುತ್ತವೆ. ಈಗಿನ ಅಂಗಡಿಯಲ್ಲಿ ಇಲ್ಲ. ಬೂದು, ಬಿಳಿ ಬಣ್ಣಗಳು ಗುಣಕದ ಜಾಗದಲ್ಲಿ ನಮ್ಮ ಕೆಲಸದಲ್ಲಿ ಬರುವುದೇ ಇಲ್ಲ. ಹಾಗಾಗಿ ಅವನ್ನು ಖಾಲಿ ಬಿಟ್ಟಿದ್ದೇನೆ.

ಇದನ್ನ ಕನ್ನಡದಲ್ಲಿ ನೆನಪಿಡೋಕೆ ಏನಾದರೂ ಉಪಾಯ ಇದೆಯಾ?

ಇದೆ, ಅದೂ ಬಹಳ ಸುಲಭದ್ದು. ಮೊದಲ ಅಕ್ಷರಗಳನ್ನಷ್ಟೇ ನೋಡಿ: ನಾಲ್ಕು ಕ, ಎರಡು ಹ, ಎರಡು ನ, ಎರಡು ಬ. ಕ-ಕಂ-ಕೆಂ-ಕಿ, ಹ-ಹ, ನೀ-ನೇ, ಬೂ-ಬಿ. ಬಾಯಲ್ಲಿ ನಾಲ್ಕು ಸಲ ಹೇಳಿದರೆ ಕೂತುಬಿಡುತ್ತದೆ. 'ಕ' ಇದ್ದರೆ 0ರಿಂದ 3ರೊಳಗೆ, 'ಹ' ಇದ್ದರೆ 4 ಅಥವಾ 5, 'ನ' ಇದ್ದರೆ 6 ಅಥವಾ 7, 'ಬ' ಇದ್ದರೆ 8 ಅಥವಾ 9.

ಹಳದಿ ಮೊದಲೋ ಹಸಿರು ಮೊದಲೋ ಎಂದು ಗೊಂದಲವಾದರೆ ಕಾಮನಬಿಲ್ಲನ್ನು ನೆನೆಸಿಕೊಳ್ಳಿ. ಕೆಂಪಿನಿಂದ ನೇರಳೆಯವರೆಗೆ, ಅಂದರೆ 2ರಿಂದ 7ರವರೆಗೆ, ಕಾಮನಬಿಲ್ಲಿನ ಸಾಲೇ ಇದು. ಅದಕ್ಕೆ ಮೊದಲು ಕಪ್ಪು ಮತ್ತು ಕಂದು, ಆಮೇಲೆ ತಿಳಿಯಾಗುತ್ತಾ ಹೋಗುವ ಬೂದು ಮತ್ತು ಬಿಳಿ. ಅಂಗಡಿಯಲ್ಲಿ ಎಲ್ಲರೂ ಬ್ರೌನ್, ಆರೆಂಜ್, ವಯಲೆಟ್, ಗ್ರೇ ಅಂತಲೇ ಅನ್ನುತ್ತಾರೆ. ಅದೂ ಕಿವಿಗೆ ಬಿದ್ದಿರಲಿ.

ನಾಲ್ಕು ಪಟ್ಟಿಯ ರೆಸಿಸ್ಟರ್ ಬೇಗ ಓದೋದು ಹೇಗೆ?

ಪುಸ್ತಕದ ಕ್ರಮ ಇದು: ಮೊದಲ ಎರಡು ಪಟ್ಟಿ ಅಂಕಿ, ಮೂರನೆಯದು ಸೊನ್ನೆಗಳ ಲೆಕ್ಕ, ನಾಲ್ಕನೆಯದು ಟಾಲರೆನ್ಸ್. ಹಳದಿ-ನೇರಳೆ-ಕೆಂಪು-ಗೋಲ್ಡ್ ಅಂದರೆ 4, 7, ಎರಡು ಸೊನ್ನೆ. 4700 ಓಮ್, ಅಂದರೆ 4.7 ಕಿಲೋ, ಶೇ 5. ಐಟಿಐ ಪರೀಕ್ಷೆಯಲ್ಲಿ ಇಲ್ಲಿಗೇ ನಿಲ್ಲಿಸಬೇಡಿ. 4465ರಿಂದ 4935 ಓಮ್ ನಡುವೆ ಇರಬಹುದು ಎಂದೂ ಬರೆಯಿರಿ.

ದಿನಾ ಬೋರ್ಡ್ ನೋಡುವವರು ಹೀಗೆ ಓದುವುದಿಲ್ಲ. ಅವರ ಕಣ್ಣು ಮೊದಲು ಹೋಗುವುದು ಮೂರನೇ ಪಟ್ಟಿಗೆ. ಆ ಒಂದೇ ಪಟ್ಟಿ ರೆಸಿಸ್ಟರ್ ಯಾವ ಮನೆಯದು ಎಂದು ಹೇಳಿಬಿಡುತ್ತದೆ. ಗೋಲ್ಡ್ ಇದ್ದರೆ 1ರಿಂದ 10 ಓಮ್ ಒಳಗೆ. ಕಪ್ಪು ಇದ್ದರೆ ಹತ್ತುಗಳಲ್ಲಿ, ಕಂದು ಇದ್ದರೆ ನೂರುಗಳಲ್ಲಿ. ಕೆಂಪು ಇದ್ದರೆ ಒಂದಂಕಿಯ ಕಿಲೋ. ಕಿತ್ತಳೆ ಇದ್ದರೆ ಹತ್ತಾರು ಕಿಲೋ, ಹಳದಿ ಇದ್ದರೆ ನೂರಾರು ಕಿಲೋ, ಹಸಿರು ಇದ್ದರೆ ಮೆಗಾ. ಮನೆ ಗೊತ್ತಾದ ಮೇಲೆ ಮೊದಲ ಎರಡು ಬಣ್ಣ ನೋಡಿದರೆ ಮುಗಿಯಿತು. ಕೆಂಪು ಕಂಡರೆ ಕಿಲೋ, ಆಮೇಲೆ ಹಳದಿ-ನೇರಳೆ ಕಂಡರೆ "ನಾಲ್ಕು ಪಾಯಿಂಟ್ ಏಳು". ಸೊನ್ನೆ ಎಣಿಸುವ ಗೋಜೇ ಇಲ್ಲ.

ಇದರಲ್ಲಿ ಇನ್ನೊಂದು ಲಾಭವೂ ಇದೆ. ಪವರ್ ಸಪ್ಲೈಯ ಒಳಬರುವ ದಾರಿಯಲ್ಲಿ ಸಣ್ಣ ಬೆಲೆಯ ರೆಸಿಸ್ಟರ್ ಇರಬೇಕು ಎಂದು ನಿಮಗೆ ಗೊತ್ತಿರುತ್ತದೆ. ಅಲ್ಲಿ ಮೂರನೇ ಪಟ್ಟಿ ಹಳದಿ ಎಂದು ಕಂಡರೆ, ನೀವು ತಿರುವುಮುರುವಾಗಿ ಓದುತ್ತಿದ್ದೀರಿ ಅಥವಾ ಯಾರೋ ಮೊದಲೇ ತಪ್ಪು ರೆಸಿಸ್ಟರ್ ಹಾಕಿ ಕಳಿಸಿದ್ದಾರೆ.

ಯಾವ ಕಡೆಯಿಂದ ಓದಬೇಕು ಅಂತ ಗೊತ್ತಾಗೋದು ಹೇಗೆ?

ಗೋಲ್ಡ್ ಅಥವಾ ಸಿಲ್ವರ್ ತುದಿಯಲ್ಲಿದ್ದರೆ ಅದು ಬಲಗಡೆ ಬರಲಿ. ಅಂಕಿಗೆ ಆ ಬಣ್ಣಗಳು ಇಲ್ಲವೇ ಇಲ್ಲ. ಹಾಗಾಗಿ ಅಲ್ಲಿಂದ ಶುರುವಾಗುವುದು ಸಾಧ್ಯವಿಲ್ಲ. ಇಷ್ಟರಲ್ಲಿ ನಾಲ್ಕು ಪಟ್ಟಿಯ ಕಥೆ ಮುಗಿಯಿತು.

ತಲೆ ಕೆಡಿಸುವುದು ಐದು ಪಟ್ಟಿಯವು. ಅವುಗಳಲ್ಲಿ ಟಾಲರೆನ್ಸ್ ಹೆಚ್ಚಾಗಿ ಕಂದು. ಆಗ ಎರಡೂ ತುದಿಯಲ್ಲಿ ಕಂದು ಬರಬಹುದು. ಕೊನೆಯ ಪಟ್ಟಿಗೆ ಮೊದಲು ಸ್ವಲ್ಪ ಜಾಸ್ತಿ ಜಾಗ ಬಿಟ್ಟಿರುತ್ತಾರೆ ಎನ್ನುವುದು ನಿಯಮ. ಅಗ್ಗದ ರೆಸಿಸ್ಟರ್‌ನಲ್ಲಿ ಆ ಜಾಗ ಕಣ್ಣಿಗೆ ಕಾಣುವುದೇ ಇಲ್ಲ.

ಈ ಉದಾಹರಣೆ ನೋಡಿ. ಕಂದು-ಕಪ್ಪು-ಕಪ್ಪು-ಕೆಂಪು-ಕಂದು. ಎಡದಿಂದ ಓದಿದರೆ 100, ಎರಡು ಸೊನ್ನೆ, ಅಂದರೆ 10 ಕಿಲೋ. ಅದನ್ನೇ ಬಲದಿಂದ ಓದಿದರೆ ಕಂದು-ಕೆಂಪು-ಕಪ್ಪು-ಕಪ್ಪು-ಕಂದು. 120, ಸೊನ್ನೆ ಏನೂ ಇಲ್ಲ, ಅಂದರೆ 120 ಓಮ್. ಎರಡೂ ಅಂಗಡಿಯಲ್ಲಿ ಸಿಗುವ ಬೆಲೆಗಳೇ. ಎರಡೂ ಶೇ 1. ಬಣ್ಣ ನೋಡಿ ತೀರ್ಮಾನ ಮಾಡಲು ದಾರಿಯೇ ಇಲ್ಲ. ಇಲ್ಲಿ ಮೀಟರ್ ಹಿಡಿಯಲೇಬೇಕು. ಹೊಸ ರೆಸಿಸ್ಟರ್ ಹಾಕುವ ಮೊದಲು ಒಮ್ಮೆ ಅಳೆಯಿರಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಎಲ್ಲವೂ ಇಷ್ಟು ಕಷ್ಟ ಕೊಡುವುದಿಲ್ಲ. ಹಳದಿ-ನೇರಳೆ-ಕಪ್ಪು-ಕೆಂಪು-ಕಂದು ಅಂದರೆ 47 ಕಿಲೋ. ತಿರುಗಿಸಿ ಓದಿದರೆ 120ರ ಮುಂದೆ ಏಳು ಸೊನ್ನೆ ಬರುತ್ತದೆ. 1200 ಮೆಗಾ ಓಮ್ ಯಾವ ಟಿವಿ ಬೋರ್ಡ್‌ನಲ್ಲೂ ಇರುವುದಿಲ್ಲ ಅಲ್ವಾ?

ಐದು ಪಟ್ಟಿ ಯಾಕೆ? ಆರು ಪಟ್ಟಿಯೂ ಇರುತ್ತಾ?

ಬಿಸ್ಕತ್ ಬಣ್ಣದ ಮೈಯಿರುವವು ಸಾಮಾನ್ಯವಾಗಿ ಕಾರ್ಬನ್ ಫಿಲ್ಮ್, ನಾಲ್ಕು ಪಟ್ಟಿ, ಶೇ 5. ನೀಲಿ ಮೈಯವು ಹೆಚ್ಚಾಗಿ ಮೆಟಲ್ ಫಿಲ್ಮ್, ಐದು ಪಟ್ಟಿ, ಶೇ 1. ಬೆಲೆ ಕರಾರುವಾಕ್ಕಾಗಿ ಬೇಕಾದಾಗ ಎರಡು ಅಂಕಿ ಸಾಲದು, ಅದಕ್ಕೆ ಮೂರನೇ ಅಂಕಿ. ಐದು ಪಟ್ಟಿಯಲ್ಲಿ ಮೂರು ಅಂಕಿ, ನಾಲ್ಕನೆಯದು ಸೊನ್ನೆಗಳ ಲೆಕ್ಕ, ಐದನೆಯದು ಟಾಲರೆನ್ಸ್.

ಆರನೇ ಪಟ್ಟಿ ಇದ್ದರೆ ಅದು ಬಿಸಿಲಿಗೆ ರೆಸಿಸ್ಟರ್ ಎಷ್ಟು ಅಲುಗುತ್ತದೆ ಎಂದು ಹೇಳುತ್ತದೆ. ಒಂದು ಡಿಗ್ರಿ ಏರಿದರೆ ಹತ್ತು ಲಕ್ಷದಲ್ಲಿ ಎಷ್ಟು ಭಾಗ ಬದಲಾಗಬಹುದು ಎಂಬ ಲೆಕ್ಕ ಅದು. ಕಂದು ಅಂದರೆ 100, ಕೆಂಪು 50, ಹಳದಿ 25, ಕಿತ್ತಳೆ 15.

ಇದು ಬರೀ ಪುಸ್ತಕದ ಮಾತಲ್ಲ, ನಮ್ಮ ಕಡೆಯ ಬಿಸಿಲಿಗೆ ನೇರ ಸಂಬಂಧ ಇದೆ. ಎಪಿಎಂಸಿಯಲ್ಲಿ ಹತ್ತಿ, ಭತ್ತ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯನ್ನು ತೆಗೆದುಕೊಳ್ಳಿ. ಬೆಳಗಿನ ಜಾವ 15 ಡಿಗ್ರಿ, ಮಧ್ಯಾಹ್ನ ತಗಡಿನ ಶೆಡ್ ಕೆಳಗೆ 45 ಡಿಗ್ರಿ ಅಂದರೆ 30 ಡಿಗ್ರಿ ವ್ಯತ್ಯಾಸ. ತೂಕ ನಿರ್ಧರಿಸುವ ಜಾಗದಲ್ಲಿ ಕಂದು ಪಟ್ಟಿಯ ರೆಸಿಸ್ಟರ್ ಹಾಕಿದರೆ 3000 ಭಾಗ, ಅಂದರೆ ಶೇ 0.3ರಷ್ಟು ಬದಲಾಗಬಹುದು. 50 ಕೆಜಿ ಚೀಲಕ್ಕೆ 150 ಗ್ರಾಂ. ಅಂಥ ಬೋರ್ಡ್‌ಗೆ "ಯಾವುದೋ ಒಂದು 10 ಕೆ" ಹಾಕಿ ಕಳಿಸಬೇಡಿ. ಇದ್ದ ಬಣ್ಣದ್ದೇ ಹುಡುಕಿ ಹಾಕಿ.

ಅಂಗಡಿಯಲ್ಲಿ 5 ಕಿಲೋ ಕೇಳಿದರೆ 4.7 ಕೊಡ್ತಾರೆ. ಯಾಕೆ?

ಅವರು ಮೋಸ ಮಾಡುತ್ತಿಲ್ಲ. ರೆಸಿಸ್ಟರ್ ಬೆಲೆಗಳಿಗೆ ಒಂದು ಗೊತ್ತಾದ ಸಾಲಿದೆ: 10, 12, 15, 18, 22, 27, 33, 39, 47, 56, 68, 82. ಇದನ್ನು ಇ12 ಅನ್ನುತ್ತಾರೆ. ಪ್ರತಿ ಬೆಲೆಯೂ ಹಿಂದಿನದಕ್ಕಿಂತ ಸುಮಾರು 1.2 ಪಟ್ಟು. ಶೇ 10 ಟಾಲರೆನ್ಸ್ ಇಟ್ಟರೆ 4.7 ಮೇಲಕ್ಕೆ 5.17ರವರೆಗೆ ಹೋಗುತ್ತದೆ, 5.6 ಕೆಳಕ್ಕೆ 5.04ಕ್ಕೆ ಇಳಿಯುತ್ತದೆ. ನಡುವೆ ಇನ್ನೊಂದಕ್ಕೆ ಜಾಗವೇ ಇಲ್ಲ. ಶೇ 5ಕ್ಕೆ ನಡುನಡುವೆ 11, 13, 16, 20, 24, 30, 36, 43, 51, 62, 75, 91 ಸೇರಿಸಿ 24 ಮಾಡಿದ್ದಾರೆ.

ಈ ಸಾಲು ಬಾಯಿಪಾಠ ಬಂದರೆ ಬಣ್ಣ ಓದುವುದರಲ್ಲಿ ಅರ್ಧ ತಪ್ಪು ತಾನಾಗೇ ತಪ್ಪುತ್ತದೆ. ನಾಲ್ಕು ಪಟ್ಟಿಯ ಒಂದರಲ್ಲಿ ನೀವು ಕೆಂಪು-ಕಂದು ಎಂದು ಓದಿದಿರಿ, ಅಂದರೆ 21. ಆ ಸಾಲಿನಲ್ಲಿ 21 ಇಲ್ಲ. ಅಲ್ಲಿಗೆ ಕಣ್ಣು ಮೋಸ ಮಾಡಿದೆ ಎಂದಾಯಿತು. ಅದು ಕೆಂಪು-ಕೆಂಪು ಇರಬೇಕು, ಇಲ್ಲವೇ ಕಂದು-ಕಂದು.

ಕೆಂಪು, ಕಂದು, ಕಿತ್ತಳೆ ಮೂರೂ ಒಂದೇ ಥರ ಕಾಣ್ತವೆ. ಏನು ಮಾಡಲಿ?

ಎಲ್ಲರ ಗೋಳೂ ಇದೇ. ಅದರಲ್ಲೂ ಸಂಡೂರು, ತೋರಣಗಲ್ಲು ಕಡೆಯ ಬೋರ್ಡ್ ಬಂದರೆ ಮುಗೀತು. ಅದಿರಿನ ಕೆಂಪು ಧೂಳು ರೆಸಿಸ್ಟರ್ ಮೈಮೇಲೆ ತೆಳ್ಳಗೆ ಕೂತಿರುತ್ತದೆ. ಬಿಳಿ ಪಟ್ಟಿ ತಿಳಿ ಕಿತ್ತಳೆಯಂತೆ ಕಾಣುತ್ತದೆ, ಗೋಲ್ಡ್ ಕಂದಾಗುತ್ತದೆ, ಕಂದು ಕೆಂಪಾಗುತ್ತದೆ. ಓದುವ ಮೊದಲು ಕಿವಿಗೆ ಹಾಕುವ ಹತ್ತಿ ಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಹತ್ತಿಯ ತುದಿ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ, ಕೆಳಗಿನ ಪಟ್ಟಿ ನಿಜವಾದ ಬಣ್ಣಕ್ಕೆ ಬರುತ್ತದೆ. ಥಿನ್ನರ್ ಬೇಡ, ಅದು ಪಟ್ಟಿಯ ಪೇಂಟನ್ನೇ ಎಳೆದುಕೊಂಡು ಹೋಗಬಹುದು.

ಎರಡನೆಯದು ಬೆಳಕು. ಹಳದಿ ಬಲ್ಬ್ ಕೆಳಗೆ ಈ ಮೂರು ಬಣ್ಣಗಳನ್ನು ಬೇರೆ ಮಾಡುವುದು ದೇವರಿಗೂ ಕಷ್ಟ. ಬಿಳಿ ಎಲ್‌ಇಡಿ ಇರಲಿ. ಅದಕ್ಕಿಂತ ಬಾಗಿಲ ಬಳಿ ಹಗಲಿನ ಬೆಳಕಿಗೆ ಹಿಡಿಯುವುದು ಇನ್ನೂ ವಾಸಿ. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡುವುದು ಪಟ್ಟಿ ಎಣಿಸಲು ಒಳ್ಳೆಯದು. ಬಣ್ಣಕ್ಕೆ ಮಾತ್ರ ಅದನ್ನು ನಂಬಬೇಡಿ, ಕ್ಯಾಮೆರಾ ತನಗೆ ಬೇಕಾದಂತೆ ಬಣ್ಣ ತಿದ್ದುತ್ತದೆ.

ಮೂರನೆಯದು ಶಾಖ. ಬಿಸಿಯಾಗಿ ಬಿಸಿಯಾಗಿ ಕೆಂಪು ಕಂದಾಗುತ್ತದೆ, ಕಿತ್ತಳೆ ಕೆಂಪಿನ ಕಡೆ ಹೋಗುತ್ತದೆ. ಈ ಒಂದು ಬಣ್ಣದ ವ್ಯತ್ಯಾಸ ಮೂರನೇ ಪಟ್ಟಿಯಲ್ಲಾದರೆ ಬೆಲೆ ಹತ್ತು ಪಟ್ಟು ಆಚೀಚೆ. ಕಂದು-ಕಪ್ಪು-ಕಂದು 100 ಓಮ್, ಕಂದು-ಕಪ್ಪು-ಕೆಂಪು 1 ಕಿಲೋ, ಕಂದು-ಕಪ್ಪು-ಕಿತ್ತಳೆ 10 ಕಿಲೋ. ಅನುಮಾನ ಬಂದರೆ ಊಹಿಸುವುದು ಬೇಡ, ರೆಸಿಸ್ಟರ್‌ನ ಒಂದು ಕಾಲು (ತುದಿಯ ತಂತಿ) ಬೋರ್ಡ್‌ನಿಂದ ಬಿಚ್ಚಿ ಅಳೆಯಿರಿ.

ನನಗೆ ಕೆಂಪು, ಹಸಿರು ಗುರುತು ಹಿಡಿಯೋದೇ ಕಷ್ಟ. ಈ ಕೆಲಸ ಬಿಡಬೇಕಾ?

ಬೇಡ. ಹೊಸ ರೆಸಿಸ್ಟರ್‌ಗಳನ್ನು ಅಳೆದು, ಬೆಲೆ ಬರೆದ ಸಣ್ಣ ಪ್ಲಾಸ್ಟಿಕ್ ಕವರ್‌ಗಳಲ್ಲಿ ಇಡಿ. ಬೋರ್ಡ್ ಮೇಲಿನದಕ್ಕೆ ಸರ್ಕ್ಯೂಟ್ ಚಿತ್ರ, ಮೀಟರ್ ಇವೆ. ಈಗಿನ ಬೋರ್ಡ್‌ಗಳಲ್ಲಿ ಹೆಚ್ಚಿನವು ಬಣ್ಣವೇ ಇಲ್ಲದ ಚಿಪ್ ರೆಸಿಸ್ಟರ್‌ಗಳು.

ಸುಟ್ಟು ಕರಿಕಲಾಗಿದೆ, ಒಂದು ಪಟ್ಟಿಯೂ ಕಾಣ್ತಿಲ್ಲ. ಬೆಲೆ ಹೇಗೆ ಹಿಡಿಯೋದು?

"ಒಳಗ ಒಂದು ಸಣ್ಣ ಕಡ್ಡಿ ಸುಟ್ಟದ ನೋಡ್ರಿ, ಅಷ್ಟು ಹಾಕಿ ಕೊಡ್ರಿ" ಎಂದು ಬರುವ ಕೆಲಸ ಇದು. ಅಷ್ಟರಲ್ಲೇ ಮುಗಿಯುವುದು ಅಪರೂಪ.

ಮೊದಲು ಜೋಡಿ ಹುಡುಕಿ. ಆಂಪ್ಲಿಫೈಯರ್ ಆದರೆ ಎಡ ಚಾನೆಲ್‌ನಲ್ಲಿ ಸುಟ್ಟಿದ್ದು ಬಲ ಚಾನೆಲ್‌ನಲ್ಲಿ ಚೆನ್ನಾಗಿರುತ್ತದೆ. ಕೊಪ್ಪಳದ ಗವಿಮಠದ ಜಾತ್ರೆ ಮುಗಿದ ಮೇಲೆ ಸೌಂಡ್ ಸಿಸ್ಟಂನವರು ಆಂಪ್ಲಿಫೈಯರ್ ಹೊತ್ತುಕೊಂಡು ಬಂದಾಗ ಈ ಉಪಾಯವೇ ಮೊದಲು ಕೈ ಹಿಡಿಯುವುದು. ತ್ರೀ ಫೇಸ್ ಬೋರ್ಡ್ ಆದರೆ ಒಂದೇ ಥರದ ಮೂರು ಸಾಲು ಇರುತ್ತವೆ. ಉಳಿದ ಎರಡನ್ನು ನೋಡಿ.

ಜೋಡಿ ಇಲ್ಲದಿದ್ದರೆ ಬಿಚ್ಚಿದ ರೆಸಿಸ್ಟರ್‌ನ ಮೇಲಿನ ಕರಕಲು ಪೇಂಟನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆಯಿರಿ. ಒಳಗೆ ಪಿಂಗಾಣಿ ಕಡ್ಡಿ, ಅದರ ಸುತ್ತ ಸ್ಕ್ರೂವಿನ ಸುರುಳಿ ಗೆರೆಯಂತೆ ಕೊರೆದ ತೆಳು ಪದರ. ಅದು ಹೆಚ್ಚಾಗಿ ಒಂದೇ ಜಾಗದಲ್ಲಿ ಕಡಿದಿರುತ್ತದೆ. ಒಂದು ತುದಿಯಿಂದ ಕಡಿದ ಜಾಗದವರೆಗೆ ಅಳೆಯಿರಿ, ಇನ್ನೊಂದು ತುದಿಯಿಂದಲೂ ಅಳೆಯಿರಿ. ಎರಡನ್ನೂ ಕೂಡಿಸಿ. ಸಿಕ್ಕಿದ್ದು ನಿಜವಾದ ಬೆಲೆಗಿಂತ ಸ್ವಲ್ಪ ಕಡಿಮೆ ಇರುತ್ತದೆ. ಸುಟ್ಟ ತುಂಡಿನ ಲೆಕ್ಕ ಬಿಟ್ಟುಹೋಗಿದೆಯಲ್ಲ. 2.9 ಕಿಲೋ ಬಂತು ಅಂದರೆ ಇ12 ಸಾಲಿನಲ್ಲಿ ಮೇಲಿನ ಮನೆ 3.3. ಅದೇ ಇರುವ ಸಾಧ್ಯತೆ ಜಾಸ್ತಿ. ಪೂರ್ತಿ ಕರಗಿ ಹೋಗಿದ್ದರೆ ಈ ಉಪಾಯ ನಡೆಯುವುದಿಲ್ಲ. ಆ ಮಾಡೆಲ್‌ನ ಸರ್ಕ್ಯೂಟ್ ಚಿತ್ರ ಹುಡುಕಲೇಬೇಕು.

ಬೆಲೆ ಸಿಕ್ಕ ಕೂಡಲೇ ಹೊಸದು ಹಾಕಿ ಕರೆಂಟ್ ಕೊಡಬೇಡಿ. ರೆಸಿಸ್ಟರ್ ಸುಮ್ನೆ ಸುಡುವುದಿಲ್ಲ. ಅದರ ಮುಂದಿರುವ ಟ್ರಾನ್ಸಿಸ್ಟರ್, ಡಯೋಡ್, ಕೆಪಾಸಿಟರ್ ಯಾವುದೋ ಶಾರ್ಟ್ ಆಗಿ ಅದರ ಮೈಮೇಲೆ ಬಂದಿರುತ್ತದೆ. ಸುಟ್ಟಿದ್ದು ಫ್ಯೂಸಿಬಲ್ ರೆಸಿಸ್ಟರ್ ಆಗಿದ್ದರೆ ಅಲ್ಲಿಗೆ ಫ್ಯೂಸಿಬಲ್ಲೇ ಹಾಕಬೇಕು. ಶಾರ್ಟ್ ಆದಾಗ ಬೆಂಕಿ ಹತ್ತದೆ ತಾನು ಕಡಿದುಹೋಗುವುದೇ ಅದರ ಕೆಲಸ. ಸಾದಾ ರೆಸಿಸ್ಟರ್ ಹಾಕಿದರೆ ಮುಂದಿನ ಸಲ ಬೋರ್ಡೇ ಸುಡುತ್ತದೆ.

ಬೋರ್ಡ್ ಮೇಲೆ ಇದ್ದ ಹಾಗೇ ಅಳೆಯಬಹುದಾ?

ಕರೆಂಟ್ ತೆಗೆದು, ಕೆಪಾಸಿಟರ್ ಖಾಲಿ ಮಾಡಿದ ಮೇಲೆ ಅಳೆಯಬಹುದು. ಆದರೆ ಉತ್ತರ ಅರ್ಥ ಮಾಡಿಕೊಳ್ಳುವುದು ಗೊತ್ತಿರಬೇಕು. ಬೋರ್ಡ್ ಮೇಲೆ ಆ ರೆಸಿಸ್ಟರ್‌ಗೆ ಅಡ್ಡಲಾಗಿ ಬೇರೆ ದಾರಿಗಳೂ ಇರುತ್ತವೆ. ಅಡ್ಡ ದಾರಿಗಳು ಬೆಲೆಯನ್ನು ಕಡಿಮೆ ಮಾಡಿ ತೋರಿಸುತ್ತವೆ, ಜಾಸ್ತಿ ಮಾಡುವುದಿಲ್ಲ. ಹಾಗಾಗಿ ಪಟ್ಟಿ 10 ಕಿಲೋ ಎನ್ನುವಾಗ ಮೀಟರ್ 14 ಕಿಲೋ ತೋರಿಸಿ ನಿಂತರೆ ಆ ರೆಸಿಸ್ಟರ್ ಕೆಟ್ಟಿದೆ, ಬಿಚ್ಚಿ ಬಿಸಾಕಿ. 6 ಕಿಲೋ ತೋರಿಸಿದರೆ ಏನೂ ಹೇಳುವಂತಿಲ್ಲ. ಒಂದು ಕಾಲು ಬಿಚ್ಚಿ ಮತ್ತೆ ಅಳೆಯಿರಿ.

ಅಂಕಿ ನಿಧಾನಕ್ಕೆ ಏರುತ್ತಾ ಇದ್ದರೆ ಅಡ್ಡಲಾಗಿ ಕೆಪಾಸಿಟರ್ ಇದೆ, ಮೀಟರೇ ಅದನ್ನು ತುಂಬುತ್ತಿದೆ ಎಂದರ್ಥ. ನಿಲ್ಲುವವರೆಗೆ ಕಾಯಿರಿ. ಪ್ರೋಬ್ ಅದಲುಬದಲು ಮಾಡಿದಾಗ ಬೇರೆ ಬೆಲೆ ಬಂದರೆ ದಾರಿಯಲ್ಲಿ ಡಯೋಡ್ ಅಥವಾ ಟ್ರಾನ್ಸಿಸ್ಟರ್ ಇದೆ.

1 ಓಮ್ ರೆಸಿಸ್ಟರ್ 1.4 ತೋರಿಸ್ತಿದೆ. 1 ಮೆಗಾ ಕಡಿಮೆ ತೋರಿಸ್ತಿದೆ. ಮೀಟರ್ ಹೋಗಿದೆಯಾ?

ಎರಡೂ ಪ್ರೋಬ್ ತುದಿ ಒಂದಕ್ಕೊಂದು ತಾಗಿಸಿ ನೋಡಿ. 0.3, 0.4 ಬರುತ್ತದೆ. ಅದು ವೈರಿನದು, ಕಳೆದುಬಿಡಿ. ಮೆಗಾ ಓಮ್ ಅಳೆಯುವಾಗ ಎರಡೂ ಕಾಲನ್ನು ಎರಡೂ ಕೈಯಲ್ಲಿ ಹಿಡಿದರೆ ನಿಮ್ಮ ಮೈಯೂ ಲೆಕ್ಕಕ್ಕೆ ಸೇರುತ್ತದೆ. ಬೇಸಿಗೆಯ ಬೆವರು ಕೈ ಆದರೆ ಇನ್ನೂ ಜಾಸ್ತಿ. ಒಂದೇ ಕೈಯಲ್ಲಿ ಒಂದೇ ಕಾಲು ಹಿಡಿಯಿರಿ.

ವ್ಯಾಟ್ ಎಷ್ಟು ಅಂತ ಯಾವ ಬಣ್ಣ ಹೇಳುತ್ತೆ?

ಯಾವುದೂ ಹೇಳುವುದಿಲ್ಲ. ಗಾತ್ರ ನೋಡಿ ತಿಳಿಯಬೇಕು. ಮೈ ಸುಮಾರು 6 ಮಿಲಿಮೀಟರ್ ಉದ್ದ ಇದ್ದರೆ ಕಾಲು ವ್ಯಾಟ್, 9 ಇದ್ದರೆ ಅರ್ಧ ವ್ಯಾಟ್, 11-12 ಇದ್ದರೆ 1 ವ್ಯಾಟ್, 15 ದಾಟಿದರೆ 2 ವ್ಯಾಟ್. ಮಿನಿ ಎಂದು ಬರುವವು ಇದಕ್ಕಿಂತ ಚಿಕ್ಕದಿರುತ್ತವೆ. ಹಳೆಯದರ ಗಾತ್ರಕ್ಕಿಂತ ಚಿಕ್ಕದನ್ನು ಹಾಕಬೇಡಿ ಎನ್ನುವುದು ಸುಲಭದ ನಿಯಮ.

ಪಂಪ್‌ಸೆಟ್ ಸ್ಟಾರ್ಟರ್‌ಗೆ ಕರೆಂಟ್ ಬಂದಿದ್ದು ತಿಳಿಯಲು ಎಲ್‌ಇಡಿ ಹಾಕುವವರು ಎಡವುವುದು ಇಲ್ಲೇ. 230 ವೋಲ್ಟ್‌ಗೆ 47 ಕಿಲೋ ಹಾಕಿದರೆ ಎಲ್‌ಇಡಿ ಚೆನ್ನಾಗಿ ಉರಿಯುತ್ತದೆ, ನಿಜ. ಆದರೆ 230 ಗುಣಿಸು 230, ಅದನ್ನು 47000ದಿಂದ ಭಾಗಿಸಿದರೆ 1.1 ವ್ಯಾಟ್. ಕಾಲು ವ್ಯಾಟ್‌ನದು ಎಷ್ಟು ಹೊತ್ತು ತಡೆದೀತು? ವೋಲ್ಟೇಜ್‌ಗೂ ಒಂದು ಮಿತಿ ಇದೆ. ಸಾಮಾನ್ಯ ಕಾಲು ವ್ಯಾಟ್ ರೆಸಿಸ್ಟರ್ 250 ವೋಲ್ಟ್ ಆಸುಪಾಸಿನದು, 230 ವೋಲ್ಟ್ ಎಸಿಯ ತುದಿ 325 ಮುಟ್ಟುತ್ತದೆ. ಎರಡು 47 ಕಿಲೋ ಅರ್ಧ ವ್ಯಾಟ್‌ನವನ್ನು ಒಂದರ ಹಿಂದೊಂದು ಹಾಕಿ. ಹಳದಿ-ನೇರಳೆ-ಕಿತ್ತಳೆ, ಎರಡು. ಒಂದೊಂದರ ಮೇಲೆ 115 ವೋಲ್ಟ್, 0.28 ವ್ಯಾಟ್. ಎಲ್‌ಇಡಿಗೆ ಅಡ್ಡಲಾಗಿ, ಉಲ್ಟಾ ದಿಕ್ಕಿನಲ್ಲಿ ಒಂದು ಡಯೋಡ್ ಮರೆಯಬೇಡಿ. ಇದು ಫೇಸ್ ಮತ್ತು ನ್ಯೂಟ್ರಲ್ ನಡುವಿನ ಲೆಕ್ಕ. ಎರಡು ಫೇಸ್ ನಡುವೆ 415 ವೋಲ್ಟ್ ಇರುತ್ತದೆ, ಅಲ್ಲಿ ಇದು ಸುಡುತ್ತದೆ.

ರಾತ್ರಿ ಹೊತ್ತು ಲೋಡ್ ಇಳಿದಾಗ ಹೊಲದ ಲೈನಿನಲ್ಲಿ ವೋಲ್ಟೇಜ್ ಏರುವುದೂ ಉಂಟು. ಶಕ್ತಿನಗರದ ಥರ್ಮಲ್ ಸ್ಟೇಷನ್ ಪಕ್ಕದಲ್ಲೇ ಇದ್ದರೂ ಕೊನೆಯ ಟಿಸಿಯ (ಟ್ರಾನ್ಸ್‌ಫಾರ್ಮರ್) ಪಾಡು ಬೇರೆಯೇ. 230 ಇದ್ದದ್ದು 260 ಆದರೆ ಶಾಖ ಶೇ 28ರಷ್ಟು ಜಾಸ್ತಿ. ಮೇಲಾಗಿ ಕಾಲು ವ್ಯಾಟ್, ಅರ್ಧ ವ್ಯಾಟ್ ಎಂಬ ಲೆಕ್ಕ ಸುತ್ತಲಿನ ಗಾಳಿ 70 ಡಿಗ್ರಿ ಇರುವವರೆಗೆ ಮಾತ್ರ. ಅದರಾಚೆ ತಡೆಯುವ ಶಕ್ತಿ ಇಳಿಯುತ್ತಾ 155 ಡಿಗ್ರಿಗೆ ಸೊನ್ನೆಯಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಯಲಲ್ಲಿ, ಮುಚ್ಚಿದ ತಗಡಿನ ಡಬ್ಬಿಯೊಳಗೆ, ಬಿಸಿಯಾದ ಕಾಯಿಲ್ ಪಕ್ಕ ಕೂತ ರೆಸಿಸ್ಟರ್‌ಗೆ 70 ಡಿಗ್ರಿ ದೂರದ ಮಾತಲ್ಲ. ಲೆಕ್ಕಕ್ಕೆ ಬಂದದ್ದರ ಎರಡು ಪಟ್ಟು ವ್ಯಾಟ್ ಹಾಕುವುದು ನನ್ನ ರೂಢಿ. ಬೋರ್ಡ್‌ಗೆ ತಾಗದಂತೆ ಸ್ವಲ್ಪ ಎತ್ತಿ ಕೂರಿಸಿ.

ರೆಸಿಸ್ಟರ್ ಥರಾನೇ ಕಾಣೋ ಬೇರೆ ವಸ್ತುಗಳೂ ಇವೆಯಾ?

ಇವೆ. ಹಸಿರು ಮೈ, ನಡು ಉಬ್ಬಿದ್ದು ಕಂಡರೆ ಅದು ಇಂಡಕ್ಟರ್ (ತಂತಿ ಸುರುಳಿ) ಇರಬಹುದು. ಅದರ ಬಣ್ಣವನ್ನೂ ಹೀಗೇ ಓದುವುದು, ಆದರೆ ಬರುವುದು ಓಮ್ ಅಲ್ಲ, ಇಂಡಕ್ಟರ್‌ನ ಅಳತೆಯಾದ ಮೈಕ್ರೋ ಹೆನ್ರಿ. ಮೀಟರ್‌ನಲ್ಲಿ ಕೆಲವೇ ಓಮ್ ತೋರಿಸುತ್ತದೆ. ಅದನ್ನು ಶಾರ್ಟ್ ಆದ ರೆಸಿಸ್ಟರ್ ಎಂದುಕೊಳ್ಳಬೇಡಿ. ಬೋರ್ಡ್ ಮೇಲೆ ಅದರ ಪಕ್ಕ 'ಆರ್' ಎಂದು ಬರೆದಿದೆಯೋ 'ಎಲ್' ಎಂದಿದೆಯೋ ನೋಡಿ. ನಡುವೆ ಒಂದೇ ಕಪ್ಪು ಪಟ್ಟಿ ಇದ್ದರೆ ಸೊನ್ನೆ ಓಮ್, ಬರೀ ಜಂಪರ್, ಅಂದರೆ ಎರಡು ಕಡೆ ಸೇರಿಸುವ ತಂತಿ ಇದ್ದ ಹಾಗೆ.

ಬಿಳಿ ಇಟ್ಟಿಗೆಯಂಥ ಸಿಮೆಂಟ್ ರೆಸಿಸ್ಟರ್ ಮೇಲೆ ಬಣ್ಣ ಇರುವುದಿಲ್ಲ, ಅಚ್ಚಿನಲ್ಲೇ ಬರೆದಿರುತ್ತಾರೆ. ಕೊನೆಯ ಅಕ್ಷರ ಜೆ ಇದ್ದರೆ ಶೇ 5, ಕೆ ಇದ್ದರೆ ಶೇ 10. ಈ ಕೊನೆಯ ಕೆ ಕಿಲೋ ಅಲ್ಲ, ನೆನಪಿರಲಿ. 4ಕೆ7 ಎಂದು ಅಂಕಿಗಳ ನಡುವೆ ಬಂದರೆ ಅದು ಕಿಲೋ, 4.7. ಹಾಗೇ 2ಆರ್2 ಅಂದರೆ 2.2 ಓಮ್.

ಚಿಪ್ ರೆಸಿಸ್ಟರ್ ಮೇಲೆ 103, 472 ಅಂತ ಇರುತ್ತಲ್ಲ?

ಬಣ್ಣದ ಬದಲು ಅಂಕಿ, ಅಷ್ಟೇ. ಕೊನೆಯ ಅಂಕಿ ಸೊನ್ನೆಗಳ ಲೆಕ್ಕ. 103 ಅಂದರೆ 10 ಕಿಲೋ, 472 ಅಂದರೆ 4.7 ಕಿಲೋ. 100 ಅಂದರೆ ನೂರು ಅಲ್ಲ, 10 ಓಮ್. ನಾಲ್ಕು ಅಂಕಿ ಇದ್ದರೆ ಮೊದಲ ಮೂರು ಬೆಲೆ: 1002 ಅಂದರೆ 10 ಕಿಲೋ. 01ಸಿ ಥರ ಅಕ್ಷರ ಸೇರಿದ್ದು ಬಂದರೆ ಅದಕ್ಕೆ ಬೇರೆಯೇ ಕೋಷ್ಟಕ ಇದೆ. ಇದೂ 10 ಕಿಲೋನೇ.

ಟೇಬಲ್ ಮೇಲೆ ಏನು ಇಟ್ಟುಕೊಂಡರೆ ಅನುಕೂಲ?

ಅಚ್ಚು ಹಾಕಿದ ಬಣ್ಣದ ಚಾರ್ಟ್ ಒಂದು ವರ್ಷದಲ್ಲಿ ಬಿಸಿಲಿಗೆ ಮಾಸುತ್ತದೆ. ಅದರ ಕಿತ್ತಳೆ, ರೆಸಿಸ್ಟರ್ ಮೇಲಿನ ಕಿತ್ತಳೆ ಒಂದೇ ಥರ ಇರುವುದೂ ಇಲ್ಲ. ನಿಜವಾದ ರೆಸಿಸ್ಟರ್‌ಗಳಿಂದಲೇ ಚಾರ್ಟ್ ಮಾಡಿಕೊಳ್ಳಿ. ಒಂದು ರಟ್ಟಿನ ಮೇಲೆ ಏಳು ರೆಸಿಸ್ಟರ್ ಸಾಲಾಗಿ ಅಂಟಿಸಿ: 1 ಓಮ್, 10, 100, 1 ಕಿಲೋ, 10 ಕಿಲೋ, 100 ಕಿಲೋ, 1 ಮೆಗಾ. ಏಳಕ್ಕೂ ಮೊದಲ ಎರಡು ಪಟ್ಟಿ ಕಂದು-ಕಪ್ಪು. ಮೂರನೆಯದು ಮಾತ್ರ ಗೋಲ್ಡ್, ಕಪ್ಪು, ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು ಎಂದು ಬದಲಾಗುತ್ತದೆ. ಕೆಳಗಿನ ಸಾಲಿನಲ್ಲಿ ನೀಲಿ, ನೇರಳೆ, ಬೂದು, ಬಿಳಿ ಇರುವ 68, 47, 82, 39 ಕಿಲೋ ಹಚ್ಚಿ. ಅನುಮಾನದ ರೆಸಿಸ್ಟರನ್ನು ಪಕ್ಕಕ್ಕೆ ಹಿಡಿದರೆ ಅದೇ ಬೆಳಕಿನಲ್ಲಿ, ಅದೇ ಪೇಂಟಿನಲ್ಲಿ ಹೋಲಿಸಬಹುದು. ಮೇಲೆ ಅಂಟು ಟೇಪ್ ಬೇಡ. ಅದು ಹಳದಿಯಾಗುತ್ತದೆ.

ಸಾಮಾನು ಅಂದರೆ, ಇ12 ಸಾಲಿನ ಎಲ್ಲಾ ಬೆಲೆ ಕಾಲು ವ್ಯಾಟ್‌ನಲ್ಲಿ ಇದ್ದರೆ ಸಾಕು. ಅರ್ಧ ಮತ್ತು 2 ವ್ಯಾಟ್‌ನಲ್ಲಿ ಹೆಚ್ಚು ಓಡುವ ಕೆಲವು ಮಾತ್ರ. ಊರಲ್ಲಿ ಸಿಗದಿದ್ದರೆ ರಾಯಚೂರಿನವರು ಹೈದರಾಬಾದಿನ ಕೋಠಿಗೆ, ಬಳ್ಳಾರಿಯವರು ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗುವಾಗ ತರಿಸಿಕೊಳ್ಳಬಹುದು.

ಬೇಕಾದ ಬೆಲೆ ಸ್ಟಾಕ್‌ನಲ್ಲಿಲ್ಲ, ಗಿರಾಕಿ ಎದುರಿಗೇ ನಿಂತಿದ್ದಾನೆ. ಏನು ಮಾಡಲಿ?

ಎರಡು ಸೇರಿಸಿ. ಒಂದರ ಹಿಂದೊಂದು ಹಾಕಿದರೆ ಬೆಲೆ ಕೂಡುತ್ತದೆ: 3.3 ಮತ್ತು 1.5 ಕಿಲೋ ಸೇರಿದರೆ 4.8. 4.7ರ ಜಾಗಕ್ಕೆ ಧಾರಾಳವಾಗಿ ನಡೆಯುತ್ತದೆ. ಒಂದೇ ಬೆಲೆಯ ಎರಡನ್ನು ಅಡ್ಡಲಾಗಿ ಹಾಕಿದರೆ ಬೆಲೆ ಅರ್ಧ, ವ್ಯಾಟ್ ಎರಡು ಪಟ್ಟು. ತಕ್ಕಡಿ, ಮೀಟರ್, ಚಾರ್ಜರ್‌ನ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ನಿಲ್ಲಿಸುವ ಜಾಗಗಳಲ್ಲಿ ಮಾತ್ರ ಈ ಹೊಂದಾಣಿಕೆ ಬೇಡ.

ಪ್ಲಗ್ ತೆಗೆದ ಕೂಡಲೇ ಓಮ್ಸ್‌ನಲ್ಲಿ ಅಳೆಯಬಹುದಾ?

ಖಂಡಿತ ಬೇಡ. ಪವರ್ ಸಪ್ಲೈಯ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ನಿಂತಿರಬಹುದು. ಮೀಟರ್ ಹೋಗುತ್ತದೆ, ಕೈಗೂ ಹೊಡೆಯುತ್ತದೆ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಚಾಳಿ ಬಿಡಿ. 2.2 ಕಿಲೋದ 10 ವ್ಯಾಟ್ ಸಿಮೆಂಟ್ ರೆಸಿಸ್ಟರ್‌ಗೆ ಇನ್ಸುಲೇಶನ್ ಇರುವ ಎರಡು ಪ್ರೋಬ್ ಬೆಸೆದು ಇಟ್ಟುಕೊಳ್ಳಿ. ಕೆಪಾಸಿಟರ್ ಕಾಲುಗಳಿಗೆ ಅದನ್ನು ಕೆಲವು ಸೆಕೆಂಡ್ ಹಿಡಿಯಿರಿ. ಆಮೇಲೆ ಮೀಟರನ್ನು ಡಿಸಿ ವೋಲ್ಟ್‌ನಲ್ಲಿಟ್ಟು ಒಮ್ಮೆ ನೋಡಿ. ಸೊನ್ನೆಗೆ ಬಂದಿದ್ದರೆ ಓಮ್ಸ್‌ಗೆ ತಿರುಗಿಸಿ ಅಳೆಯಲು ಶುರು ಮಾಡಿ.